ಕರ್ನಲ್ ಒಳಗೆ ಕಾಯುವುದು ಹೇಗೆ: ಡ್ರೈವರ್ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ‘ಲಿನಕ್ಸ್ ಡ್ರೈವರಿನಲ್ಲಿ 18 ಮಿಲಿಸೆಕೆಂಡ್ ಕಾಯಬೇಕು, ಯಾವ ಫಂಕ್ಷನ್ ಕರೆಯಲಿ?’ ಎಂದು ಒಬ್ಬರು ಕೇಳಿದರೆ, ‘ಎಂಸ್ಲೀಪ್ ಹಾಕಿದ ಮೇಲೆ ಬೋರ್ಡ್ ನಿಂತೇ ಹೋಗುತ್ತದೆ, ಏಕೆ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಹೀಗೆ ಕೇಳುವವರಲ್ಲಿ ಹಲವರ ಕೈಯಲ್ಲಿರುವ ಪ್ರಾಜೆಕ್ಟ್ ರೇಷ್ಮೆ ಹುಳು ಮನೆಯ ಉಷ್ಣಾಂಶ ಮತ್ತು ತೇವಾಂಶವನ್ನು ಡಿಹೆಚ್‌ಟಿ11 ಸೆನ್ಸರಿನಿಂದ ಅಳೆಯುವುದು. ಆದ್ದರಿಂದ ಈ ಲೇಖನದಲ್ಲಿಯೂ ಅದೇ ಸೆನ್ಸರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಯಾವ ಫಂಕ್ಷನ್ ಎಂಬುದು ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ನಿಮ್ಮ ಕೋಡ್ ಓಡುತ್ತಿರುವ ಜಾಗದಲ್ಲಿ ನಿದ್ರಿಸುವುದಕ್ಕೆ ಅನುಮತಿ ಇದೆಯೇ? ನೀವು ಕಾಯುತ್ತಿರುವುದು ಕಾಲ ಕಳೆಯುವುದಕ್ಕೋ, ಏನಾದರೊಂದು ಘಟಿಸುವುದಕ್ಕೋ? ಈ ಎರಡನ್ನು ಬಿಟ್ಟು ನೇರವಾಗಿ ಫಂಕ್ಷನ್ ಹುಡುಕಲು ಹೊರಟವರ ಡ್ರೈವರ್ ಮೇಜಿನ ಮೇಲೆ ಸರಿಯಾಗಿ ಓಡಿ, ಹುಳು ಮನೆಯಲ್ಲಿ ಕೆಡುತ್ತದೆ.

ಮೊದಲು ಸಿದ್ಧವಾಗಿರಬೇಕಾದವು

ಕೆಟ್ಟು ನಿಂತರೂ ಚಿಂತೆಯಿಲ್ಲದೆ ಮತ್ತೆ ಬೂಟ್ ಮಾಡಬಹುದಾದ ಒಂದು ಬೋರ್ಡ್, ಅದರ ಸಂದೇಶಗಳನ್ನು ಕೊನೆಯ ಕ್ಷಣದವರೆಗೂ ತೋರಿಸುವ ಸೀರಿಯಲ್ ಕನ್ಸೋಲ್, ಸೆನ್ಸರಿನ ಡೇಟಾಶೀಟ್, ಮತ್ತು ನೀವೇ ಕಟ್ಟಿಕೊಂಡ ಕರ್ನಲ್ (ಲಿನಕ್ಸಿನ ತಿರುಳಾದ ಪ್ರೋಗ್ರಾಂ) ಬೇಕು. ಕರ್ನಲ್ ಕಟ್ಟುವಾಗ ‘ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್’ ಎಂಬ ಆಯ್ಕೆಯನ್ನು ತಪ್ಪದೆ ಆನ್ ಮಾಡಿ. ಅದರ ಬೆಲೆ ಏನೆಂಬುದು ಮೊದಲ ಹಂತದಲ್ಲೇ ತಿಳಿಯುತ್ತದೆ.

ಫಂಕ್ಷನ್‌ಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಹೆಸರಿನ ಮೊದಲಲ್ಲಿ ‘ಎನ್’ ಇದ್ದರೆ ನ್ಯಾನೋಸೆಕೆಂಡ್, ‘ಯು’ ಇದ್ದರೆ ಮೈಕ್ರೋಸೆಕೆಂಡ್, ‘ಎಂ’ ಇದ್ದರೆ ಮಿಲಿಸೆಕೆಂಡ್ ಎಂದು ತಿಳಿಯಬೇಕು. ‘ಡಿಲೇ’ ಎಂದು ಮುಗಿಯುವವು ಪ್ರೊಸೆಸರನ್ನು ಬಿಟ್ಟುಕೊಡದೆ ಸುಮ್ಮನೆ ಸುತ್ತುತ್ತಾ ಕಾಯುತ್ತವೆ. ಹೆಸರಿನಲ್ಲಿ ‘ಸ್ಲೀಪ್’ ಇರುವವು ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಿಟ್ಟು ನಿದ್ರಿಸುತ್ತವೆ.

ಹಂತ 1: ಇಲ್ಲಿ ನಿದ್ರಿಸಬಹುದೇ ಎಂದು ನಿರ್ಧರಿಸಿ

ಬಳಕೆದಾರರ ಪ್ರೋಗ್ರಾಂ ನಿಮ್ಮ ಡ್ರೈವರಿನ ರೀಡ್ ಫಂಕ್ಷನನ್ನು ಕರೆದಾಗ, ಆ ಪ್ರೋಗ್ರಾಮಿನ ಹೆಸರಿನಲ್ಲೇ ನಿಮ್ಮ ಕೋಡ್ ಓಡುತ್ತಿರುತ್ತದೆ. ಇದಕ್ಕೆ ಪ್ರೋಸೆಸ್ ಕಾಂಟೆಕ್ಸ್ಟ್ ಎನ್ನುತ್ತಾರೆ. ಇಲ್ಲಿ ನಿದ್ರಿಸಬಹುದು, ಏಕೆಂದರೆ ಮಲಗಿಸಿ ಎಬ್ಬಿಸುವುದಕ್ಕೆ ಶೆಡ್ಯೂಲರ್ ಬಳಿ, ಅಂದರೆ ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಕೊಡಬೇಕೆಂದು ತೀರ್ಮಾನಿಸುವ ಭಾಗದ ಬಳಿ, ಒಂದು ಗುರುತು ಇರುತ್ತದೆ. ವರ್ಕ್‌ಕ್ಯೂನಲ್ಲಿ (ಆಮೇಲೆ ಮಾಡಲೆಂದು ಕೆಲಸಗಳನ್ನು ಇಡುವ ಕರ್ನಲ್ ಸಾಲು) ಓಡುವ ಕೆಲಸ ಮತ್ತು ಥ್ರೆಡೆಡ್ ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಎಂದರೆ ಪ್ರೊಸೆಸರಿನ ಗಮನ ಸೆಳೆಯಲು ಹಾರ್ಡ್‌ವೇರ್ ಕೊಡುವ ಸೂಚನೆ, ಹ್ಯಾಂಡ್ಲರ್ ಎಂದರೆ ಅದಕ್ಕೆ ಓಡುವ ಕೋಡ್) ಕೂಡ ನಿದ್ರಿಸಬಹುದಾದವುಗಳೇ. ಮ್ಯೂಟೆಕ್ಸ್, ಅಂದರೆ ಸಿಗದಿದ್ದರೆ ಮಲಗಿ ಕಾಯುವ ಲಾಕ್, ಹಿಡಿದುಕೊಂಡು ನಿದ್ರಿಸುವುದಕ್ಕೂ ಅಡ್ಡಿಯಿಲ್ಲ.

ಹಾರ್ಡ್‌ವೇರ್ ಇಂಟರಪ್ಟಿನ ಹ್ಯಾಂಡ್ಲರ್, ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟಿನ ಉಳಿದ ಕೆಲಸವನ್ನು ತುಸು ತಡವಾಗಿ ಮುಗಿಸುವ ಭಾಗ), ಟೈಮರಿನ ಕಾಲ್‌ಬ್ಯಾಕ್, ಮತ್ತು ಸ್ಪಿನ್‌ಲಾಕ್ (ಸಿಗುವವರೆಗೂ ಸುತ್ತುತ್ತಾ ಕಾಯುವ ಲಾಕ್) ಹಿಡಿದಿರುವ ಯಾವುದೇ ಸಾಲಿನಲ್ಲಿ ನಿದ್ರಿಸುವಂತಿಲ್ಲ. ಇವುಗಳನ್ನು ಒಟ್ಟಾಗಿ ಅಟಾಮಿಕ್ ಕಾಂಟೆಕ್ಸ್ಟ್ ಎನ್ನುತ್ತಾರೆ. ಸ್ಪಿನ್‌ಲಾಕ್ ಹಿಡಿದು ನೀವು ಮಲಗಿದರೆ, ಅದೇ ಲಾಕಿಗಾಗಿ ಕಾಯುವ ಬೇರೊಂದು ಕೋರ್ ನೀವು ಏಳುವವರೆಗೂ ಸುತ್ತುತ್ತಲೇ ಇರಬೇಕಾಗುತ್ತದೆ. ಅದೇ ಕೋರಿನಲ್ಲಿ ಇನ್ನೊಬ್ಬರು ಆ ಲಾಕ್ ಕೇಳಿದರಂತೂ ನೀವು ಏಳುವ ದಾರಿಯೇ ಮುಚ್ಚಬಹುದು.

ಇಲ್ಲಿ ಮೂರು ಕಡೆ ಜನ ಮುಗ್ಗರಿಸುತ್ತಾರೆ. ಮೊದಲನೆಯದು, ತಮ್ಮ ಫಂಕ್ಷನ್ ಒಳಗೆ ಲಾಕ್ ಇಲ್ಲವೆಂದು ನೋಡಿಕೊಂಡು, ಅದನ್ನು ಕರೆಯುವ ಫಂಕ್ಷನ್ ಲಾಕ್ ಹಿಡಿದೇ ಕರೆಯುತ್ತಿದೆ ಎಂಬುದನ್ನು ನೋಡದಿರುವುದು. ಕರೆಯ ಸರಪಳಿಯನ್ನು ಮೇಲಿನವರೆಗೂ ಓದಲೇಬೇಕು. ಎರಡನೆಯದು, ಹೆಸರಿನಲ್ಲಿ ‘ಸ್ಲೀಪ್’ ಇಲ್ಲದಿದ್ದರೂ ನಿದ್ರಿಸಬಲ್ಲ ಕರೆಗಳು: ಜಿಎಫ್‌ಪಿ_ಕರ್ನಲ್ ಎಂಬ ಗುರುತಿನೊಂದಿಗೆ ಮೆಮೊರಿ ಕೇಳುವುದು, ಮ್ಯೂಟೆಕ್ಸ್ ಹಿಡಿಯುವುದು, ಬಳಕೆದಾರರ ಮೆಮೊರಿಗೆ ನಕಲು ಮಾಡುವುದು, ಐ2ಸಿ ತಂತಿಯ ಆಚೆ ಇರುವ ಪಿನ್ ಒಂದನ್ನು ಬದಲಿಸುವುದು. ಮೂರನೆಯದು, ‘ಇನ್_ಅಟಾಮಿಕ್’ ಎಂಬ ಪರೀಕ್ಷೆಯನ್ನು ಡ್ರೈವರಿನೊಳಗೆ ಬರೆದು, ಉತ್ತರ ನೋಡಿ ಡಿಲೇ ಅಥವಾ ಸ್ಲೀಪ್ ಆರಿಸುವುದು. ಪ್ರಿಎಂಪ್ಷನ್, ಅಂದರೆ ಓಡುತ್ತಿರುವ ಕರ್ನಲ್ ಕೋಡನ್ನು ನಡುವೆ ತಡೆದು ಬೇರೆಯದಕ್ಕೆ ಪ್ರೊಸೆಸರ್ ಕೊಡುವುದು, ಇಲ್ಲದ ಕರ್ನಲ್‌ಗಳಲ್ಲಿ ಸ್ಪಿನ್‌ಲಾಕ್ ಹಿಡಿದಿರುವುದು ಆ ಪರೀಕ್ಷೆಗೆ ಕಾಣುವುದಿಲ್ಲ. ಯಾವ ಕಾಂಟೆಕ್ಸ್ಟ್ ಎಂಬುದು ಬರೆಯುವವರಿಗೆ ತಿಳಿದಿರಬೇಕಾದ ವಿಷಯವೇ ಹೊರತು ಓಡುವಾಗ ಕೇಳಿ ತಿಳಿಯುವಂಥದ್ದಲ್ಲ.

ತಪ್ಪಿದಾಗ ಕನ್ಸೋಲಿನಲ್ಲಿ ‘ಬಗ್: ಷೆಡ್ಯೂಲಿಂಗ್ ವೈಲ್ ಅಟಾಮಿಕ್’ ಅಥವಾ ‘ಬಗ್: ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್’ ಎಂಬ ಸಂದೇಶ ಬರುತ್ತದೆ. ಎರಡನೆಯ ಸಂದೇಶ ಬರುವುದು ಮೇಲೆ ಹೇಳಿದ ಡೀಬಗ್ ಆಯ್ಕೆ ಇದ್ದಾಗ ಮಾತ್ರ. ಮ್ಯೂಟೆಕ್ಸ್ ಖಾಲಿ ಇದ್ದ ದಿನ, ಮೆಮೊರಿ ಧಾರಾಳವಾಗಿದ್ದ ದಿನ ನಿದ್ರೆಯೇ ಬಾರದೆ ತಪ್ಪು ಮುಚ್ಚಿಹೋಗುತ್ತದೆ. ಆ ಆಯ್ಕೆ ಇದ್ದರೆ ನಿದ್ರೆ ಬರಲಿ ಬಾರದಿರಲಿ, ಬರಬಹುದಾಗಿತ್ತು ಎಂಬ ಕಾರಣಕ್ಕೇ ಕರ್ನಲ್ ಎಚ್ಚರಿಸುತ್ತದೆ.

ಹಂತ 2: ಕಾಲಕ್ಕೋ, ಘಟನೆಗೋ?

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆ. ಮತ್ತೆ ಸೊಪ್ಪು ಹಾಕುವುದು ಗಡಿಯಾರ ನೋಡಿ ಅಲ್ಲ, ಹುಳು ಜ್ವರದಿಂದ ಎದ್ದದ್ದನ್ನು ನೋಡಿ, ಏಕೆಂದರೆ ಚಳಿ ಇದ್ದರೆ ಏಳುವುದು ತಡವಾಗುತ್ತದೆ. ಹಾಗೆಂದು ತಟ್ಟೆಯ ಮುಂದೆಯೇ ಕಣ್ಣಿಟ್ಟು ನಿಲ್ಲುವುದೂ ಇಲ್ಲ, ನಡುವೆ ತೋಟದ ಕೆಲಸ ಮುಗಿಸಿ ಬಂದು ನೋಡುತ್ತಾರೆ.

ಡ್ರೈವರಿನಲ್ಲಿಯೂ ಇಷ್ಟೇ. ಹಾರ್ಡ್‌ವೇರ್ ತಾನು ಸಿದ್ಧ ಎಂದು ಹೇಳುವ ಯಾವುದೇ ದಾರಿ ಇದ್ದರೆ, ಇಂಟರಪ್ಟ್ ಇರಲಿ, ರಿಜಿಸ್ಟರಿನ (ಹಾರ್ಡ್‌ವೇರಿನೊಳಗಿನ ಸಣ್ಣ ಮೆಮೊರಿಯ) ಒಂದು ಬಿಟ್ ಇರಲಿ, ಅದನ್ನೇ ಕಾಯಿರಿ ಮತ್ತು ಅದಕ್ಕೊಂದು ಗಡುವು ಇಡಿ. ಕೇವಲ ಕಾಲ ಎಣಿಸುವುದು, ಡೇಟಾಶೀಟ್ ‘ಇಷ್ಟು ಹೊತ್ತು ಕಾಯಿರಿ’ ಎಂದಷ್ಟೇ ಹೇಳಿ ಬೇರೆ ಯಾವ ಸೂಚನೆಯನ್ನೂ ಕೊಡದಿದ್ದಾಗ ಮಾತ್ರ. ಡಿಹೆಚ್‌ಟಿ11ರಲ್ಲಿ ಎರಡೂ ಇವೆ. ಆರಂಭದ ಸೂಚನೆಯಾಗಿ ತಂತಿಯನ್ನು ಕನಿಷ್ಠ 18 ಮಿಲಿಸೆಕೆಂಡ್ ಕೆಳಮಟ್ಟದಲ್ಲಿ ಹಿಡಿಯುವುದು ಕಾಲದ ಕಾಯುವಿಕೆ. ಆಮೇಲೆ ಸೆನ್ಸರ್ ಕಳುಹಿಸುವ 40 ಬಿಟ್‌ಗಳನ್ನು ಪಡೆಯುವುದು ಘಟನೆಯ ಕಾಯುವಿಕೆ.

ಹಂತ 3: ಕಾಲಕ್ಕಾದರೆ, ಅವಧಿ ನೋಡಿ ಆರಿಸಿ

ಸುಮಾರು 10 ಮೈಕ್ರೋಸೆಕೆಂಡಿಗಿಂತ ಕಡಿಮೆಯಾದರೆ ಯುಡಿಲೇ. ಅಲ್ಲಿಂದ ಸುಮಾರು 20 ಮಿಲಿಸೆಕೆಂಡಿನವರೆಗೆ ಯುಸ್ಲೀಪ್_ರೇಂಜ್. ಅದಕ್ಕೂ ಹೆಚ್ಚಾದರೆ ಎಂಸ್ಲೀಪ್. ನಿದ್ರಿಸಬಹುದಾದ ಜಾಗದಲ್ಲಿದ್ದು ಆಯ್ಕೆಯ ತಲೆನೋವು ಬೇಡವೆಂದರೆ, 2020ರ 5.8 ಆವೃತ್ತಿಯಲ್ಲಿ ಸೇರಿದ ಎಫ್‌ಸ್ಲೀಪ್ ಅವಧಿಯನ್ನು ನೋಡಿ ಈ ಮೂರರಲ್ಲಿ ಒಂದನ್ನು ತಾನೇ ಆರಿಸುತ್ತದೆ. ಹೊಸದಾಗಿ ಬರೆಯುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

18 ಮಿಲಿಸೆಕೆಂಡಿಗೆ ಎಂಸ್ಲೀಪ್ ಏಕೆ ಸಲ್ಲದು ಎಂದು ತಿಳಿಯಲು ಜಿಫಿಯ ಪರಿಚಯ ಬೇಕು. ಕರ್ನಲ್ ತನ್ನ ಸ್ಥೂಲ ಕಾಲವನ್ನು ಜಿಫಿ ಎಂಬ ಏಕಮಾನದಲ್ಲಿ ಎಣಿಸುತ್ತದೆ. ಸೆಕೆಂಡಿಗೆ ಎಷ್ಟು ಜಿಫಿ ಎಂಬುದನ್ನು ಕರ್ನಲ್ ಕಟ್ಟುವಾಗಲೇ ಹೆಚ್‌ಝಡ್ ಎಂಬ ಸಂಖ್ಯೆ ನಿರ್ಧರಿಸುತ್ತದೆ. ಅದು 100 ಆದರೆ ಒಂದು ಜಿಫಿ 10 ಮಿಲಿಸೆಕೆಂಡ್, 250 ಆದರೆ 4, 1000 ಆದರೆ 1. ಎಂಸ್ಲೀಪ್ ಜಿಫಿಗಳಲ್ಲಿ ಎಣಿಸುವುದರಿಂದ, ಹೆಚ್‌ಝಡ್ 100 ಇರುವ ಬೋರ್ಡಿನಲ್ಲಿ 1 ಮಿಲಿಸೆಕೆಂಡ್ ಕೇಳಿದರೆ 20ರವರೆಗೂ, 18 ಕೇಳಿದರೆ 30ರವರೆಗೂ ಹೋಗಬಹುದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೆಚ್‌ಝಡ್ 1000 ಇದ್ದರೆ ಇದು ಕಾಣಿಸುವುದೇ ಇಲ್ಲ. ಬೋರ್ಡಿನ ಬೂಟ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಕಡತದಲ್ಲಿ ನಿಮ್ಮ ಹೆಚ್‌ಝಡ್ ಎಷ್ಟೆಂದು ಇಂದೇ ನೋಡಿಕೊಳ್ಳಿ.

ಯುಸ್ಲೀಪ್_ರೇಂಜ್ ಜಿಫಿಯನ್ನು ಬಿಟ್ಟು, 2006ರಲ್ಲಿ 2.6.16 ಆವೃತ್ತಿಯೊಂದಿಗೆ ಬಂದ ಹೈ ರೆಸಲ್ಯೂಷನ್ ಟೈಮರುಗಳನ್ನು ಬಳಸುತ್ತದೆ. ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಸಂಖ್ಯೆಗಳನ್ನು ಅದು ಕೇಳುತ್ತದೆ. ಕರ್ನಲ್‌ನೊಳಗೇ ಇರುವ ಡಿಹೆಚ್‌ಟಿ11 ಡ್ರೈವರ್ ಆರಂಭದ ಸೂಚನೆಗೆ ಕೊಟ್ಟಿರುವುದು 18000 ಮತ್ತು 20000 ಮೈಕ್ರೋಸೆಕೆಂಡ್. ಎರಡೂ ಕಡೆ ಒಂದೇ ಸಂಖ್ಯೆ ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ನಡುವೆ ಅವಕಾಶವಿದ್ದರೆ ಕರ್ನಲ್ ಅಕ್ಕಪಕ್ಕದ ಎಚ್ಚರಗಳನ್ನು ಒಂದೇ ಇಂಟರಪ್ಟಿನಲ್ಲಿ ಸೇರಿಸಬಲ್ಲದು. ಅವಕಾಶ ಕೊಡದಿದ್ದರೆ ನಿಮ್ಮೊಬ್ಬರಿಗಾಗಿ ಪ್ರೊಸೆಸರನ್ನು ಎಬ್ಬಿಸಬೇಕಾಗುತ್ತದೆ, ಬ್ಯಾಟರಿಯಲ್ಲಿ ನಡೆಯುವ ಬೋರ್ಡಿಗೆ ಇದು ನಷ್ಟ.

ಆ ಗರಿಷ್ಠ ಸಂಖ್ಯೆಯನ್ನು ಭರವಸೆಯೆಂದು ತಿಳಿಯಬೇಡಿ. ಟೈಮರ್ ಸಮಯಕ್ಕೆ ಬಡಿದರೂ, ಎದ್ದ ನಿಮಗೆ ಪ್ರೊಸೆಸರ್ ಸಿಗುವುದು ಶೆಡ್ಯೂಲರ್ ಕೊಟ್ಟಾಗ. ನಿದ್ರಿಸುವ ಎಲ್ಲ ಫಂಕ್ಷನ್‌ಗಳೂ ‘ಇದಕ್ಕಿಂತ ಕಡಿಮೆಯಲ್ಲ’ ಎಂದಷ್ಟೇ ಹೇಳಬಲ್ಲವು. ದೀರ್ಘ ಅವಧಿಯ ಎಂಸ್ಲೀಪ್ ಕೂಡ ಹೀಗೆಯೇ: 2016ರ 4.8 ಆವೃತ್ತಿಯಿಂದ ಜಿಫಿ ಟೈಮರುಗಳು ದೂರದ ಗಡುವುಗಳನ್ನು ಒರಟಾಗಿ ಇಟ್ಟುಕೊಳ್ಳುತ್ತವೆ, ತಡ ಶೇಕಡಾ 12.5ರವರೆಗೂ ಆಗಬಹುದು. ಡಿಎಸ್18ಬಿ20 ಉಷ್ಣಾಂಶ ಸೆನ್ಸರ್ 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಕೇಳುತ್ತದೆ, ಅಲ್ಲಿ ಈ ತಡದಿಂದ ಯಾವ ತೊಂದರೆಯೂ ಇಲ್ಲ.

ಮೇಲಿನ ಗಡಿಗಳು ಕಲ್ಲಿನಲ್ಲಿ ಕೊರೆದವಲ್ಲ. ಹೆಚ್‌ಡಿ44780 ಚಿಪ್ ಇರುವ ಎಲ್‌ಸಿಡಿ ಪರದೆಗೆ ಹೆಚ್ಚಿನ ಆದೇಶಗಳ ನಂತರ 37 ಮೈಕ್ರೋಸೆಕೆಂಡ್ ಸಾಕು. ನಿಧಾನದ ಪ್ರೊಸೆಸರಿನಲ್ಲಿ ಮಲಗಿ ಏಳುವ ಖರ್ಚೇ ಅಷ್ಟಾಗುವುದರಿಂದ ಅಲ್ಲಿ ಯುಡಿಲೇ ಬಳಸಿದರೆ ನಾನು ಆಕ್ಷೇಪಿಸುವುದಿಲ್ಲ. ಅದೇ ಪರದೆಯನ್ನು ಮೊದಲು ಎಚ್ಚರಿಸುವಾಗ ಬೇಕಾಗುವ 15 ಮಿಲಿಸೆಕೆಂಡಿಗೂ 4.1 ಮಿಲಿಸೆಕೆಂಡಿಗೂ ನಿದ್ರೆಯೇ ಸರಿ.

ಹಂತ 4: ಸುತ್ತುತ್ತಾ ಕಾಯಲೇಬೇಕಾದಾಗ

ಯುಡಿಲೇ ಹಲವು ಪ್ರೊಸೆಸರುಗಳಲ್ಲಿ ಸ್ಥಿರ ವೇಗದ ಒಂದು ಎಣಿಕೆಯಂತ್ರವನ್ನು ನೋಡಿಕೊಂಡು ಕಾಯುತ್ತದೆ. ಅದಿಲ್ಲದ ಕಡೆ ಬೂಟ್ ಆಗುವಾಗ ಲೆಕ್ಕ ಹಾಕಿದ, ಒಂದು ಜಿಫಿಗೆ ಎಷ್ಟು ಸುತ್ತು ಎಂಬ ಸಂಖ್ಯೆಯನ್ನು ನಂಬುತ್ತದೆ. ಬೂಟ್ ಸಂದೇಶಗಳಲ್ಲಿ ಕಾಣುವ ಬೋಗೋಮಿಪ್ಸ್ ಎಂಬ ಸಂಖ್ಯೆ ಹುಟ್ಟುವುದು ಇದೇ ಲೆಕ್ಕದಿಂದ. ಈ ಕಾರಣಕ್ಕೆ ಯುಡಿಲೇ ಕೆಲವೊಮ್ಮೆ ಸ್ವಲ್ಪ ಮುಂಚೆಯೇ ಮರಳಬಹುದು. ಡೇಟಾಶೀಟ್ ಹೇಳಿದ ಕನಿಷ್ಠಕ್ಕೆ ಸ್ವಲ್ಪ ಸೇರಿಸಿಯೇ ಬರೆಯಿರಿ.

ಎಂಡಿಲೇ ಅಂದರೆ ಯುಡಿಲೇಯನ್ನು ಸಾವಿರ ಮೈಕ್ರೋಸೆಕೆಂಡಿನಂತೆ ಮತ್ತೆ ಮತ್ತೆ ಕರೆಯುವುದು. ಅದು ಓಡುವಷ್ಟು ಹೊತ್ತು ಒಂದು ಕೋರ್ ಪೂರ್ತಿ ನಿಮ್ಮದು. ಇಂಟರಪ್ಟ್ ಮುಚ್ಚಿಕೊಂಡು 18 ಮಿಲಿಸೆಕೆಂಡ್ ಎಂಡಿಲೇ ಹಾಕಿದ ಡ್ರೈವರುಗಳನ್ನು ನಾನು ಹಲವು ಪ್ರಾಜೆಕ್ಟುಗಳಲ್ಲಿ ನೋಡಿದ್ದೇನೆ. ಅಷ್ಟರಲ್ಲಿ ಆ ಕೋರಿಗೆ ಬಂದ ಸೀರಿಯಲ್ ಪೋರ್ಟಿನ ಅಕ್ಷರಗಳು ಕಳೆದುಹೋಗುತ್ತವೆ, ದೂರು ಮಾತ್ರ ಸೀರಿಯಲ್ ಡ್ರೈವರಿನ ಮೇಲೆ ಬರುತ್ತದೆ. ಅಟಾಮಿಕ್ ಜಾಗದಲ್ಲಿ ಮಿಲಿಸೆಕೆಂಡುಗಟ್ಟಲೆ ಕಾಯಬೇಕಾಗಿ ಬಂದರೆ, ಆ ಕೆಲಸವನ್ನೇ ಅಲ್ಲಿಂದ ವರ್ಕ್‌ಕ್ಯೂಗೆ ಸಾಗಿಸಿ.

ಪಿಸಿಐ ಕಾರ್ಡುಗಳಿಗೆ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ರಿಜಿಸ್ಟರಿಗೆ ಬರೆದ ಮೌಲ್ಯ ದಾರಿಯಲ್ಲಿ ಬಫರಿನಲ್ಲಿ ತಂಗಿರಬಹುದು. ರೀಸೆಟ್ ಬಿಟ್ ಬರೆದು ಕೂಡಲೇ 10 ಮೈಕ್ರೋಸೆಕೆಂಡ್ ಕಾದರೆ, ಆ ಬರಹ ಕಾರ್ಡನ್ನು ತಲುಪುವ ಮೊದಲೇ ನಿಮ್ಮ ಕಾಯುವಿಕೆ ಮುಗಿದಿರಬಹುದು. ಬರೆದ ಮೇಲೆ ಅದೇ ಕಾರ್ಡಿನ ಒಂದು ರಿಜಿಸ್ಟರನ್ನು ಓದಿ, ಓದು ಮರಳಿದ ನಂತರ ಕಾಯಲು ಆರಂಭಿಸಿ.

ಹಂತ 5: ಘಟನೆಗಾದರೆ, ಗಡುವಿನೊಂದಿಗೆ ಕಾಯಿರಿ

ಡಿಹೆಚ್‌ಟಿ11 ಉತ್ತರಿಸುವಾಗ ಮೊದಲು 80 ಮೈಕ್ರೋಸೆಕೆಂಡ್ ಕೆಳಗೆ, 80 ಮೇಲೆ ಇರುತ್ತದೆ. ಅನಂತರ ಪ್ರತಿ ಬಿಟ್ಟಿಗೂ 50 ಕೆಳಗೆ, ಮೇಲೆ 26ರಿಂದ 28 ಇದ್ದರೆ ಸೊನ್ನೆ, 70 ಇದ್ದರೆ ಒಂದು. 40 ಬಿಟ್‌ಗಳಿಗೆ ಒಟ್ಟು 3ರಿಂದ 5 ಮಿಲಿಸೆಕೆಂಡ್. ಇಂಟರಪ್ಟ್ ಮುಚ್ಚಿ ಪಿನ್ನನ್ನೇ ನೋಡುತ್ತಾ ಎಣಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಮೈಕ್ರೋಕಂಟ್ರೋಲರಿನಲ್ಲಿ ಅದೇ ಸರಿಯಾದ ದಾರಿಯೂ ಹೌದು. ಕರ್ನಲ್‌ನಲ್ಲಿ ಪಿನ್ನಿನ ಏರಿಳಿತಗಳಿಗೆ ಇಂಟರಪ್ಟ್ ಕಟ್ಟಿ, ಹ್ಯಾಂಡ್ಲರಿನಲ್ಲಿ ಕಾಲವನ್ನಷ್ಟೇ ಗುರುತಿಸಿಕೊಂಡು, ಕೊನೆಯ ಏರಿಳಿತ ಬಂದಾಗ ‘ಕಂಪ್ಲೀಟ್’ ಕರೆಯುವುದು ಯೋಗ್ಯ. ರೀಡ್ ಕಡೆಯವರು ಅಷ್ಟರವರೆಗೆ ಕಂಪ್ಲೀಷನ್ ಮೇಲೆ, ಅಂದರೆ ‘ಕೆಲಸ ಮುಗಿಯಿತು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಕರ್ನಲ್ ಸಾಧನದ ಮೇಲೆ, ನಿದ್ರಿಸಿರುತ್ತಾರೆ.

ಇಲ್ಲಿ ಕ್ರಮವೇ ಎಲ್ಲ. ಮೊದಲು ರೀಇನಿಟ್_ಕಂಪ್ಲೀಷನ್ ಕರೆದು ಹಳೆಯ ಗುರುತನ್ನು ಅಳಿಸಿ. ಆಮೇಲೆ 18 ಮಿಲಿಸೆಕೆಂಡಿನ ಸೂಚನೆ ಕೊಟ್ಟು, ಪಿನ್ನನ್ನು ಇನ್‌ಪುಟ್‌ಗೆ ತಿರುಗಿಸಿ ಇಂಟರಪ್ಟ್ ತೆರೆಯಿರಿ. ಕೊನೆಗೆ ಕಾಯಿರಿ. ಅಳಿಸುವ ಸಾಲನ್ನು ಇಂಟರಪ್ಟ್ ತೆರೆದ ನಂತರ ಬರೆದರೆ, ಸೆನ್ಸರ್ ಬೇಗ ಉತ್ತರಿಸಿದ ದಿನ ಆ ಉತ್ತರದ ಗುರುತನ್ನೇ ಅಳಿಸಿ, ಬಂದುಹೋದದ್ದಕ್ಕಾಗಿ ಗಡುವು ಮುಗಿಯುವವರೆಗೂ ಕಾಯುತ್ತೀರಿ. ಕೈಯಾರೆ ‘ಷರತ್ತು ನೋಡು, ಇಲ್ಲದಿದ್ದರೆ ಮಲಗು’ ಎಂದು ಬರೆಯುವವರಿಗೂ ಇದೇ ಅಪಾಯ: ನೋಡುವುದಕ್ಕೂ ಮಲಗುವುದಕ್ಕೂ ನಡುವಿನ ಸಣ್ಣ ಸಂದಿಯಲ್ಲಿ ಎಬ್ಬಿಸುವ ಕರೆ ಬಂದು ಹೋಗಿರುತ್ತದೆ. ವೇಟ್_ಈವೆಂಟ್ ಗುಂಪಿನ ಮ್ಯಾಕ್ರೋಗಳು ಮೊದಲು ಕಾಯುವವರ ಸಾಲಿಗೆ ಸೇರಿ ಆಮೇಲೆ ಷರತ್ತು ನೋಡುವುದರಿಂದ ಆ ಸಂದಿಯನ್ನು ಮುಚ್ಚುತ್ತವೆ. ಅವನ್ನೇ ಬಳಸಿ.

ಇಂಟರಪ್ಟ್ ಇಲ್ಲದೆ ರಿಜಿಸ್ಟರಿನ ಬಿಟ್ ಮಾತ್ರ ಇದ್ದರೆ ರೀಡ್‌ಎಲ್_ಪೋಲ್_ಟೈಮ್‌ಔಟ್ ಬಳಸಿ. ವಿಳಾಸ, ಓದಿದ ಮೌಲ್ಯವನ್ನು ಇಡುವ ವೇರಿಯಬಲ್, ಷರತ್ತು, ನಡುವೆ ಮಲಗುವ ಅವಧಿ, ಒಟ್ಟು ಗಡುವು, ಇಷ್ಟನ್ನು ಕೊಟ್ಟರೆ ಸಾಕು. ಅಟಾಮಿಕ್ ಜಾಗಕ್ಕೆ ಅದರದೇ ಇನ್ನೊಂದು ರೂಪವಿದೆ. ಕೈಯಾರೆ ಬರೆದ ಲೂಪುಗಳಲ್ಲಿ ತಪ್ಪುವುದು ಒಂದು ಸೂಕ್ಷ್ಮ: ಗಡುವು ಮುಗಿದಿದೆ ಎಂದು ತಿಳಿದ ಮೇಲೆ ಷರತ್ತನ್ನು ಇನ್ನೊಮ್ಮೆ ನೋಡಬೇಕು. ನಿಮ್ಮನ್ನು ಶೆಡ್ಯೂಲರ್ ಬದಿಗಿಟ್ಟಿದ್ದ ಹೊತ್ತಿನಲ್ಲಿ ಹಾರ್ಡ್‌ವೇರ್ ಕೆಲಸ ಮುಗಿಸಿದ್ದರೆ, ನೋಡದೆ ‘ಕೆಟ್ಟಿದೆ’ ಎಂದು ವರದಿ ಮಾಡುವುದು ಸುಳ್ಳಾಗುತ್ತದೆ. ಈ ಮ್ಯಾಕ್ರೋ ಆ ಕೊನೆಯ ನೋಟವನ್ನು ತಾನೇ ನೋಡುತ್ತದೆ.

ಹಂತ 6: ಮರಳಿ ಬಂದ ಸಂಖ್ಯೆಯನ್ನು ಸರಿಯಾಗಿ ಓದಿ

ಕರ್ನಲ್‌ನಲ್ಲಿ ಸಾಮಾನ್ಯವಾಗಿ ಸೊನ್ನೆ ಎಂದರೆ ಯಶಸ್ಸು. ವೇಟ್_ಫಾರ್_ಕಂಪ್ಲೀಷನ್_ಟೈಮ್‌ಔಟ್ ಮತ್ತು ವೇಟ್_ಈವೆಂಟ್_ಟೈಮ್‌ಔಟ್ ಇದಕ್ಕೆ ತದ್ವಿರುದ್ಧ: ಸೊನ್ನೆ ಬಂದರೆ ಗಡುವು ಮೀರಿತು, ಅದಕ್ಕಿಂತ ಹೆಚ್ಚಿದ್ದರೆ ಘಟನೆ ನಡೆಯಿತು ಮತ್ತು ಅಷ್ಟು ಜಿಫಿ ಇನ್ನೂ ಉಳಿದಿತ್ತು. ಹೆಸರಿನಲ್ಲಿ ‘ಇಂಟರಪ್ಟಿಬಲ್’ ಅಥವಾ ‘ಕಿಲ್ಲೆಬಲ್’ ಇದ್ದರೆ ಋಣ ಸಂಖ್ಯೆಯೂ ಬರಬಹುದು. ಅದರ ಅರ್ಥ, ಕಾಯುತ್ತಿದ್ದವರಿಗೆ ಸಿಗ್ನಲ್ (ಕಂಟ್ರೋಲ್ ಮತ್ತು ಸಿ ಒತ್ತಿದಾಗ ಅಥವಾ ಕಿಲ್ ಮಾಡಿದಾಗ ಪ್ರೋಗ್ರಾಮಿಗೆ ಹೋಗುವ ಸೂಚನೆ) ಬಂದಿದೆ ಎಂದು. ಪೋಲ್ ಮ್ಯಾಕ್ರೋ ಮಾತ್ರ ಸಾಮಾನ್ಯ ಪದ್ಧತಿಯಂತೆ ಯಶಸ್ಸಿಗೆ ಸೊನ್ನೆಯನ್ನೂ, ಗಡುವು ಮೀರಿದರೆ ಋಣ ಇಟೈಮ್ಡ್‌ಔಟ್ ಸಂಖ್ಯೆಯನ್ನೂ ಕೊಡುತ್ತದೆ. ಇವನ್ನು ಅದಲುಬದಲು ಮಾಡಿದ ಡ್ರೈವರ್, ಸೆನ್ಸರ್ ಕಿತ್ತುಹೋದಾಗ ಹಳೆಯ ಉಷ್ಣಾಂಶವನ್ನೇ ಹೊಸದೆಂದು ತೋರಿಸುತ್ತದೆ. ಹುಳು ಮನೆಯಲ್ಲಿ ಅದನ್ನು ನಂಬಿ ಹೀಟರ್ ಆನ್ ಮಾಡುವವರಿಗೆ ಆಗುವ ನಷ್ಟವನ್ನು ನೆನೆದು ಈ ಸಾಲುಗಳನ್ನು ಎರಡು ಬಾರಿ ಓದಿ.

ಗಡುವನ್ನು ಜಿಫಿಗಳಲ್ಲಿ ಕೇಳುವ ಫಂಕ್ಷನ್‌ಗೆ 1000 ಎಂದು ನೇರವಾಗಿ ಬರೆಯಬೇಡಿ. ಹೆಚ್‌ಝಡ್ 1000 ಇದ್ದಲ್ಲಿ ಅದು 1 ಸೆಕೆಂಡ್, 100 ಇದ್ದಲ್ಲಿ 10 ಸೆಕೆಂಡ್. ಎಂಸೆಕ್ಸ್_ಟು_ಜಿಫೀಸ್ ಮೂಲಕವೇ ಕೊಡಿ. ಜಿಫಿಗಳನ್ನು ಹೋಲಿಸುವಾಗಲೂ ಹೆಚ್ಚು ಕಡಿಮೆ ಚಿಹ್ನೆಗಳ ಬದಲು ಟೈಮ್_ಆಫ್ಟರ್ ಬಳಸಿ, ಏಕೆಂದರೆ 32 ಬಿಟ್ ಯಂತ್ರದಲ್ಲಿ ಆ ಎಣಿಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹೆಚ್‌ಝಡ್ 1000 ಆದರೆ ಸುಮಾರು 49.7 ದಿನಕ್ಕೊಮ್ಮೆ ಹೀಗಾಗುತ್ತದೆ. ಅಷ್ಟು ದಿನ ತಪ್ಪು ಅಡಗಿ ಕೂರಬಾರದೆಂದೇ ಕರ್ನಲ್ ತನ್ನ ಎಣಿಕೆಯನ್ನು ಸೊನ್ನೆಗೆ 5 ನಿಮಿಷ ಹಿಂದಿನಿಂದ ಆರಂಭಿಸುತ್ತದೆ. ಬೂಟ್ ಆಗಿ 5 ನಿಮಿಷಕ್ಕೆ ಸರಿಯಾಗಿ ನಿಮ್ಮ ಡ್ರೈವರ್ ಕೆಟ್ಟರೆ ಮೊದಲು ಹುಡುಕಬೇಕಾದದ್ದು ಇಲ್ಲಿ.

ಬಳಕೆದಾರರ ಪ್ರೋಗ್ರಾಂ ಕಾಯುತ್ತಿರುವಾಗ ಕಿಲ್ಲೆಬಲ್ ಅಥವಾ ಇಂಟರಪ್ಟಿಬಲ್ ರೂಪವನ್ನೇ ಆರಿಸಿ. ಗಡುವೂ ಇಲ್ಲದೆ ಸಿಗ್ನಲನ್ನೂ ಕೇಳದೆ ಮಲಗಿದ ಪ್ರೋಗ್ರಾಂ ಪಿಎಸ್ ಪಟ್ಟಿಯಲ್ಲಿ ‘ಡಿ’ ಎಂದು ಕಾಣುತ್ತದೆ, ಕಿಲ್ ಮಾಡಿದರೂ ಸಾಯುವುದಿಲ್ಲ. ಸಿಗ್ನಲಿನಿಂದ ಹೊರಬರುವ ದಾರಿಯಲ್ಲಿಯೂ ಇಂಟರಪ್ಟನ್ನು ಬಿಡಿಸಿಯೇ ಹೋಗಬೇಕು.

ಹಂತ 7: ಮತ್ತೆ ಮತ್ತೆ ಮಾಡುವ ಕೆಲಸಕ್ಕೆ

ಡಿಹೆಚ್‌ಟಿ11 ಅನ್ನು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಕೇಳಬಾರದು. ಇದಕ್ಕಾಗಿ ಕರ್ನಲ್ ಥ್ರೆಡ್ಡಿನಲ್ಲಿ ಎಂಸ್ಲೀಪ್ ಲೂಪ್ ಬರೆಯುವ ಬದಲು ಡಿಲೇಡ್ ವರ್ಕ್, ಅಂದರೆ ಹೇಳಿದಷ್ಟು ಹೊತ್ತಿನ ನಂತರ ವರ್ಕ್‌ಕ್ಯೂನಲ್ಲಿ ಓಡುವ ಕೆಲಸ, ಬಳಸಿ, ಅದರಲ್ಲಿ ನಿದ್ರಿಸಲೂಬಹುದು. ಮಾಡ್ಯೂಲ್ (ಕರ್ನಲ್‌ಗೆ ಸೇರಿಸಿದ ನಿಮ್ಮ ಡ್ರೈವರ್) ತೆಗೆಯುವಾಗ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್ ಕರೆಯದಿದ್ದರೆ, ಮೆಮೊರಿಯಿಂದ ಹೋದ ಕೋಡನ್ನು ಕರ್ನಲ್ ಓಡಿಸಲು ಹೋಗಿ ಬೀಳುತ್ತದೆ. ಆ ಕೆಲಸ ಹಿಡಿಯುವ ಲಾಕನ್ನು ನೀವು ಹಿಡಿದುಕೊಂಡೇ ‘ಸಿಂಕ್’ ಕರೆದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುತ್ತೀರಿ. ಟೈಮರುಗಳಿಗೂ ಇದೇ ನಿಯಮ. ಅಲ್ಲಿ ಹಳೆಯ ಡೆಲ್_ಟೈಮರ್_ಸಿಂಕ್ ಹೆಸರು ಹೊಸ ಕರ್ನಲ್‌ಗಳಲ್ಲಿ ಟೈಮರ್_ಡಿಲೀಟ್_ಸಿಂಕ್ ಆಗಿದೆ.

ಇದೇ ಜಾಗದಲ್ಲಿ ಒಂದು ಮಾತು: ಡಿಹೆಚ್‌ಟಿ11ರ ತೇವಾಂಶದ ಅಳತೆ ಶೇಕಡಾ 20ರಿಂದ 90ರವರೆಗೆ ಮಾತ್ರ, ಹೆಚ್ಚು ಕಡಿಮೆ 5ರ ವ್ಯತ್ಯಾಸದೊಂದಿಗೆ. ಎಳೆಯ ಹುಳುಗಳನ್ನು ಸಾಕುವ ಚಾಕಿ ಕೋಣೆಗೆ ಬೇಕಾಗುವುದೇ 80ರಿಂದ 90. ಅಲ್ಲಿಗೆ ಡಿಹೆಚ್‌ಟಿ22 ಕೊಂಡರೆ ಒಳ್ಳೆಯದು, ಕರ್ನಲ್‌ನಲ್ಲಿರುವ ಅದೇ ಡ್ರೈವರ್ ಅದಕ್ಕೂ ಹೊಂದುತ್ತದೆ.

ಹಂತ 8: ಕೆಡಿಸಿ ನೋಡಿ

ಸೆನ್ಸರ್ ಸರಿಯಾಗಿ ಉತ್ತರಿಸುತ್ತಿರುವಾಗ ಪರೀಕ್ಷಿಸಿದರೆ ಗಡುವಿನ ಸಾಲುಗಳು ಒಮ್ಮೆಯೂ ಓಡುವುದಿಲ್ಲ. ಡೇಟಾ ತಂತಿಯನ್ನು ಕಿತ್ತು ಓದಿ: ಗಡುವಿನೊಳಗೆ ದೋಷದ ಸಂಖ್ಯೆ ಬರಬೇಕು. ತಂತಿ ಕಿತ್ತಿರುವಾಗಲೇ ಕಂಟ್ರೋಲ್ ಮತ್ತು ಸಿ ಒತ್ತಿ: ಪ್ರೋಗ್ರಾಂ ಕೂಡಲೇ ನಿಲ್ಲಬೇಕು. ಓದು ನಡೆಯುತ್ತಿರುವಾಗ ಮಾಡ್ಯೂಲ್ ತೆಗೆಯಲು ಯತ್ನಿಸಿ. ಎಲ್ಲ ಕೋರುಗಳಿಗೂ ಭಾರ ಹಾಕುವ ಪ್ರೋಗ್ರಾಂ ಓಡಿಸಿಕೊಂಡು, ಕಾಯುವ ಮೊದಲು ಮತ್ತು ನಂತರ ಕೆಟೈಮ್_ಗೆಟ್ ಕರೆದು, ಕೇಳಿದ ಅವಧಿಗೂ ಸಿಕ್ಕ ಅವಧಿಗೂ ಎಷ್ಟು ಅಂತರವೆಂದು ಅಳೆಯಿರಿ. ಹೆಚ್‌ಝಡ್ 100 ಮತ್ತು 1000 ಎರಡರಲ್ಲೂ ಕರ್ನಲ್ ಕಟ್ಟಿ ಇವೆಲ್ಲವನ್ನೂ ಮತ್ತೊಮ್ಮೆ ಮಾಡಿ.

ಕನ್ಸೋಲಿನಲ್ಲಿ ‘ಸಾಫ್ಟ್ ಲಾಕಪ್’ ಎಂದು ಬಂದರೆ, ಸಾಮಾನ್ಯ ಹೊಂದಿಕೆಯಲ್ಲಿ ಒಂದು ಕೋರ್ 20 ಸೆಕೆಂಡಿಗೂ ಹೆಚ್ಚು ಕಾಲ ಬೇರೆಯವರಿಗೆ ಸಿಕ್ಕಿಲ್ಲ ಎಂದರ್ಥ. ಎಲ್ಲೋ ಗಡುವಿಲ್ಲದೆ ಸುತ್ತುತ್ತಿದ್ದೀರಿ. ಒಂದು ಟಾಸ್ಕ್ 120 ಸೆಕೆಂಡಿಗೂ ಹೆಚ್ಚು ಕಾಲ ಸ್ಥಗಿತವಾಗಿದೆ ಎಂಬ ಸಂದೇಶ ಬಂದರೆ, ಎಲ್ಲೋ ಗಡುವಿಲ್ಲದೆ ಮಲಗಿದ್ದೀರಿ. ಎರಡರಲ್ಲೂ ಸಂದೇಶದ ಕೆಳಗೆ ಬರುವ ಕರೆಗಳ ಪಟ್ಟಿಯಲ್ಲಿ ನಿಮ್ಮ ಫಂಕ್ಷನಿನ ಹೆಸರು ಇರುತ್ತದೆ. ಪ್ರಶ್ನೆ ಕಳುಹಿಸುವಾಗ ಆ ಪಟ್ಟಿಯನ್ನು ಪೂರ್ತಿಯಾಗಿ, ನಿಮ್ಮ ಹೆಚ್‌ಝಡ್ ಮತ್ತು ಕರ್ನಲ್ ಆವೃತ್ತಿಯೊಂದಿಗೆ ಕಳುಹಿಸಿ.